ಬಸವನಹುಳು, ಭಾಗ ಎರಡು

ಅಲೆಂತೇಜುವಿನ ಆಗಸ್ಟು. ಹಗಲೆಲ್ಲ ಕಾದ ಕಲ್ಲು
ರಾತ್ರಿ ಹತ್ತಕ್ಕೂ ಅಂಗಾಲಿಗೆ ಬಿಸಿ ತಾಗಿಸುತ್ತದೆ.
ಪುರಸಭೆಯ ಸುಣ್ಣದ ಗೋಡೆಯೇ ಪರದೆ;
ನಡುವೆ ಒಂದು ಹಸಿರು ಕಿಟಕಿ ಬಂದು
ನಾಯಕಿಯ ಎಡಗೆನ್ನೆ ಯಾವಾಗಲೂ ಹಸಿರು.

ಕುರ್ಚಿ ಅವರವರೇ ತರಬೇಕು.
ಬೀರು, ಬ್ರೆಡ್ಡು, ದೆಯೊಲಿಂದಳ ಅಂಗಡಿಯಿಂದ
ತಟ್ಟೆ ತಟ್ಟೆ ಬೆಂದ ಬಸವನಹುಳು,
ಬೆಳ್ಳುಳ್ಳಿಯ ಸಾರಲ್ಲಿ.
ಹಲ್ಲುಕಡ್ಡಿಯಲ್ಲಿ ಚಿಪ್ಪಿನೊಳಗಿನದನ್ನು ಎಳೆದು ತಿನ್ನುತ್ತ
ಊರು ಕಾಯುತ್ತಿದೆ,
ಬಸವನಹುಳು ಊರನ್ನು ತಿನ್ನುವುದನ್ನು ನೋಡಲು.

ಮೊದಲ ಭಾಗದಲ್ಲಿ ಅದು ಸತ್ತಿತ್ತು.
ಲಾರಿ ಉಪ್ಪು ಸುರಿದು ಕೊಂದಿದ್ದೆವು, ನಾನೂ ಇದ್ದೆ,
ಸಲಿಕೆ ಹಿಡಿದ ಎರಡನೆಯವನು, ಬೆನ್ನು ಮಾತ್ರ ಕಾಣುತ್ತದೆ.
ಹಾಗಾದರೆ ಎರಡನೆಯದು ಹೇಗೆ?
ಕೋಸಿನೆಲೆಯ ಅಡಿ ಒಂದು ಮೊಟ್ಟೆ ಉಳಿದಿತ್ತಂತೆ.
ಹೀಗೆಂದು ಲಿಸ್ಬನ್ನಿನ ವಿಜ್ಞಾನಿ ಹೇಳುತ್ತಾನೆ,
ಅಂದರೆ ನಮ್ಮ ಔಷಧಿ ಅಂಗಡಿಯ ಎವರಿಸ್ತು.
ಅಂಗೈಯಲ್ಲಿ ಬರೆದುಕೊಂಡ ಮಾತು ಬೆವರಿಗೆ ಕಲಸಿ
"ಮಾನವಕುಲಕ್ಕೆ" ಅನ್ನುವಲ್ಲಿ ತಡೆದು
ಇನ್ನೊಂದು ಕೈ ನೋಡಿಕೊಳ್ಳುತ್ತಾನೆ.
"ಅಪಾಯ!" ಅವನಿಗಿಂತ ಮೊದಲೇ ಊರೆಲ್ಲ ಕೂಗಿತು;
ಮಾತ್ರೆ ಕಟ್ಟುತ್ತ ಅವನು ಆರು ತಿಂಗಳು ಅಭ್ಯಾಸ ಮಾಡಿದ್ದು
ನಮಗೂ ಬಾಯಿಪಾಠ.

ಆಮೇಲೆ ಅದು ಬರುತ್ತದೆ.
ನೀರಿನ ಟ್ಯಾಂಕು ಅರ್ಧಕ್ಕೆ ಕೊಯ್ದ ಚಿಪ್ಪು,
ಹಳೆ ಹಾಸಿಗೆಗಳ ಸ್ಪಂಜಿನ ಮೈ, ಲೋಳೆಗೆ ಮೈದಾ ಅಂಟು,
ಕೊಂಬಿನ ತುದಿಗೆ ಬಸ್ಸಿನ ದೀಪ.
ಒಳಗೆ ಮೂವರು. ನಡುವಿನವನಿಗೆ ಶೀತ.
ರಾಕ್ಷಸ ಸೀನುತ್ತದೆ.

ಬಸ್ಸು ರಿಪೇರಿಯ ಬೆಲ್ಮೀರು ಇದರ ನಿರ್ದೇಶಕ.
ಎಷ್ಟು ಹೇಳಿದರೂ ಒಪ್ಪಲಿಲ್ಲ:
ಮನೆಯಷ್ಟಾದರೂ ಬಸವನಹುಳು ಬಸವನಹುಳುವೇ,
ಓಡಕೂಡದು. ಕೊಂಬಿದ್ದೂ ಹಾಯದ ಪ್ರಾಣಿ,
ಅದಕ್ಕೊಂದು ಮರ್ಯಾದೆಯಿದೆ.
ಹಾಗಾಗಿ ಸಾಯಬೇಕಾದವರು ಕಾಯಬೇಕು.
ಕಾಲು ಉಳುಕಿ ಬೀಳಬೇಕು, ಎದ್ದು ನೋಡಿ,
ಇನ್ನೂ ದೂರವಿದೆಯೆಂದು ಮತ್ತೆ ಬೀಳಬೇಕು.
ಅಂಚೆಯವನೊಬ್ಬ ಕೂತು ಶೂ ಬಿಚ್ಚಿ, ಹರಳು ಕೊಡವಿ,
ಲೇಸು ಕಟ್ಟಿಕೊಂಡು ಸಾಯುತ್ತಾನೆ.

ಮೊದಲ ಭಾಗಕ್ಕೆ ಜನ ನಕ್ಕಾಗ
ಬೆಲ್ಮೀರು ಪ್ರೊಜೆಕ್ಟರು ಆರಿಸಿ ಮನೆಗೆ ಹೋಗಿದ್ದ,
ತಿಂಗಳೊಪ್ಪತ್ತು ಯಾರ ಬ್ರೇಕನ್ನೂ ಮುಟ್ಟಲಿಲ್ಲ.
ಹೆದರಿಸಲು ಹೊರಟಿದ್ದ, ಪಾಪ.
ಈಗ ಹಿಂದಿನ ಸಾಲಿನ ಕತ್ತಲಲ್ಲಿ ನಿಂತು
ನಗುವಿಗೊಂದು ಬೆರಳು ಮಡಿಸುತ್ತಾನೆ,
ಬೆರಳು ಸಾಲದೆ ಬಿಚ್ಚಿ ಮತ್ತೆ ಮಡಿಸುತ್ತಾನೆ.

ಜನ ಓಡುವ ದೃಶ್ಯ ಒಂದೇ.
ಎಲ್ಲರೂ ಬಿಡುವಾಗಿ ಸಿಕ್ಕಿದ್ದು ಒಂದೇ ಮಧ್ಯಾಹ್ನ,
ಅದನ್ನೇ ನಾಲ್ಕು ಕಡೆ ಅಂಟಿಸಿದ್ದಾನೆ:
ಅದೇ ಹಳದಿ ಅಂಗಿಯ ಹುಡುಗ, ಅದೇ ಹೆದರದ ಕತ್ತೆ,
ಬಲಗಡೆಯಿಂದ ಝುಲ್ಮೀರಜ್ಜಿ,
ಲಂಗ ಎತ್ತಿ ಹಿಡಿದು, ಒಂದು ಚಪ್ಪಲಿ ಹಿಂದೆ ಬಿಟ್ಟು,
ಕಿರುಚಬೇಕಾದ ಬಾಯಲ್ಲಿ ನಗು ತಡೆಯಲಾರದೆ.

ಫೆಬ್ರವರಿಯಲ್ಲಿ ಅವಳನ್ನು ಮಣ್ಣು ಮಾಡಿದೆವು.

ಮೊದಲ ಸಲ ಅವಳು ಓಡಿದಾಗ
ಹಲ್ಲುಕಡ್ಡಿಗಳು ನಿಂತವು.
ಎರಡನೆಯದಕ್ಕೆ ಯಾರೋ ಮೂಗೊರೆಸಿಕೊಂಡರು.
ಮೂರನೆಯದಕ್ಕೆ ಅವಳ ಮಗ "ಅಮ್ಮಾ, ಚಪ್ಪಲಿ!" ಅಂದ.
ಊರು ನಕ್ಕಿತು, ಹೇಗೆ ನಕ್ಕಿತೆಂದರೆ
ಗೋಡೆಯ ಮೇಲಿನ ಕತ್ತೆ ತಿರುಗಿ ನೋಡಿದಂತಾಯಿತು.
ನಾಲ್ಕನೆಯದಕ್ಕೆ ಎಲ್ಲ ಎದ್ದು ನಿಂತಿದ್ದೆವು:
"ಓಡು, ಝುಲ್ಮೀರಾ, ಓಡು,
ಅದು ನಿಧಾನ ಕಣೇ, ನಿನ್ನನ್ನು ಹಿಡಿಯಲಾರದು!"

ಒಳ್ಳೆಯ ಸಿನಿಮಾ ಅಲ್ಲ. ಹುಳುವಿನಡಿ ಟ್ರ್ಯಾಕ್ಟರಿನ ಚಕ್ರ,
ನಡುರಾತ್ರಿಯಲ್ಲಿ ಎಲ್ಲರಿಗೂ ಮೋಟು ನೆರಳು.
ಸೈನ್ಯವೆಂದರೆ ಫುಟ್ಬಾಲು ತಂಡ, ಅದೂ ಒಂಬತ್ತೇ ಮಂದಿ.
ಉಪ್ಪಿಗೆ ಈ ಸಲ ಬಗ್ಗುವುದಿಲ್ಲ ಹುಳು;
ಕೊನೆಗೆ ದೆಯೊಲಿಂದ ಬಂದು
ಕಾಂಕ್ರೀಟ್ ಮಿಕ್ಸರಿನ ತುಂಬ ಬೆಳ್ಳುಳ್ಳಿ ತಿರುಗಿಸುತ್ತಾಳೆ,
ನೊಣ ಓಡಿಸುವಾಗಿನದೇ ಮುಖ.

ದೀಪ ಹತ್ತಿತು. ಮಕ್ಕಳು ಬೆಲ್ಮೀರುವಿನ ಪ್ಯಾಂಟು ಜಗ್ಗುತ್ತ
ಕೊನೆಯಲ್ಲಿ ತೋರಿಸಿದ ಮೊಟ್ಟೆ ಯಾವಾಗ ಒಡೆಯುತ್ತದೆ ಎಂದರು.
ಅವನು ಏನೂ ಹೇಳಲಿಲ್ಲ. ಕುರ್ಚಿ ಮಡಿಸುತ್ತಿದ್ದ
ನನ್ನ ಹತ್ತಿರ ಬಂದು, ದನಿ ತಗ್ಗಿಸಿ,
"ನಿನ್ನ ಹಾಸಿಗೆ," ಎಂದ, "ಹಳೆಯದಾಗಿರಬೇಕಲ್ಲ?"